ಹಳದಿ ಗೆರೆ ತಂದರು, ಹಗ್ಗ ಅಲ್ಲೇ ಬಿಟ್ಟು ಬಂದರು

ಪೀಣ್ಯದಲ್ಲಿ ಪರಿಚಯದವರ ಒಂದು ಸಣ್ಣ ಕಾರ್ಖಾನೆ ಇದೆ. ಶೀಟ್ ಮೆಟಲ್ ಪ್ರೆಸ್ ಕೆಲಸ. ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಎರಡು ವಾರದ ತರಬೇತಿಗೆ ಜಪಾನಿಗೆ ಹೋಗಿಬಂದರು. ಬಂದ ವಾರವೇ ಪೇಂಟರನ್ನು ಕರೆಸಿ ನೆಲದ ಮೇಲೆಲ್ಲ ಹಳದಿ ಗೆರೆ ಹೊಡೆಸಿದರು. ಟ್ರಾಲಿ ಇಲ್ಲಿ ನಿಲ್ಲಬೇಕು, ಬಿನ್ ಅಲ್ಲಿರಬೇಕು, ಜನ ಇಷ್ಟೇ ದಾರಿಯಲ್ಲಿ ಓಡಾಡಬೇಕು. ಗೋಡೆಗೆ ಒಂದು ಬೋರ್ಡ್ ಬಂತು. ಅದರಲ್ಲಿ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದು, ಆ ಆಕಾರದ ಮೇಲೆ ಅದೇ ಸ್ಪ್ಯಾನರ್ ನೇತುಹಾಕಿದ್ದರು. ನೋಡೋಕೆ ತುಂಬಾ ಚೆನ್ನಾಗಿತ್ತು. ಮೂರು ತಿಂಗಳು ಬಿಟ್ಟು ಮತ್ತೆ ಹೋದೆ. ಹಳದಿ ಗೆರೆಯ ಮೇಲೆ ಸ್ಕ್ರ್ಯಾಪ್ ಡ್ರಮ್ ಕೂತಿತ್ತು. ಬೋರ್ಡಿನಲ್ಲಿ ಕಪ್ಪು ಆಕಾರಗಳಿದ್ದವು, ಸ್ಪ್ಯಾನರ್ ಇರಲಿಲ್ಲ.

"ನಮ್ಮ ಜನಕ್ಕೆ ಶಿಸ್ತಿಲ್ಲ ಬಿಡಿ" ಅಂತ ಮಾಲೀಕರು ಕೈ ಕೊಡವಿದರು. ನನಗೆ ಆ ಮಾತು ಹಿಡಿಸಲಿಲ್ಲ. ಇದೇ ಕಥೆ ಅಮೆರಿಕದ ಅತಿ ದೊಡ್ಡ ಕಾರು ಕಂಪನಿ ಜನರಲ್ ಮೋಟರ್ಸ್‌ಗೂ (ಜಿಎಂ) ಆಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಹೊರದೇಶದ ಮ್ಯಾನೇಜರುಗಳನ್ನು ಕರೆಸಿ, ತರಗತಿಯಲ್ಲಿ ಕೂರಿಸಿ, ಬಸ್ಸಿನಲ್ಲಿ ಕಾರ್ಖಾನೆ ಕಾರ್ಖಾನೆ ಸುತ್ತಿಸುವ ಈ ಪದ್ಧತಿ ಹೇಗೆ ನಡೆಯುತ್ತೆ, ಅಲ್ಲಿ ಕಣ್ಣಿಗೆ ಏನು ಬೀಳುತ್ತೆ, ಏನು ಬೀಳೋದೇ ಇಲ್ಲ ಅಂತ ಹೋಗುವವರಿಗೆ ಯಾರೂ ಹೇಳಿ ಕಳಿಸುವುದಿಲ್ಲ. ಪಾಸ್‌ಪೋರ್ಟ್, ಸ್ವೆಟರ್, ಚಟ್ನಿಪುಡಿ ತಗೊಂಡಿದ್ದೀರಾ ಅಂತ ಮಾತ್ರ ಕೇಳುತ್ತಾರೆ.

ಮೊದಲು ಯಾರು ಕರೆಸುತ್ತಾರೆ ಅಂತ ನೋಡೋಣ. ಜಪಾನಿನಲ್ಲಿ ಈ ಕೆಲಸಕ್ಕೆ ಹೆಸರಾದ ಸಂಸ್ಥೆ ಎಒಟಿಎಸ್. 1959ರಲ್ಲಿ ಅಲ್ಲಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಬೆಂಬಲದಿಂದ ಶುರುವಾಯಿತು. 2012ರಲ್ಲಿ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಹೈಡಾ ಅಂತ ಹೆಸರು ಬದಲಾಯಿತು, 2017ರಲ್ಲಿ ಮತ್ತೆ ಹಳೇ ಹೆಸರಿಗೇ ಬಂತು. ಟೋಕಿಯೊದಲ್ಲಿ, ಒಸಾಕದಲ್ಲಿ ಅವರದ್ದೇ ತರಬೇತಿ ಕೇಂದ್ರಗಳಿವೆ. ಹೋಗಿಬಂದವರು ಅದನ್ನು 'ಕೆನ್‌ಶು ಸೆಂಟರ್' ಅಂತಲೇ ಕರೆಯುತ್ತಾರೆ, ಕೆನ್‌ಶು ಅಂದರೆ ತರಬೇತಿ. ಉಳಿಯೋದು, ಊಟ, ಪಾಠ ಎಲ್ಲ ಒಂದೇ ಕಟ್ಟಡದಲ್ಲಿ.

ಇಲ್ಲಿ ಎರಡು ದಾರಿಗಳಿವೆ. ಒಂದು ತಾಂತ್ರಿಕ ತರಬೇತಿ. ಜಪಾನಿನ ಕಂಪನಿಯೊಂದು ತನ್ನ ಭಾರತದ ಅಥವಾ ವಿಯೆಟ್ನಾಮಿನ ಘಟಕದ ಹುಡುಗರನ್ನು ಕರೆಸುತ್ತೆ. ಕೋರ್ಸಿಗೆ ತಕ್ಕಂತೆ ಅವರು ಕೆಲವು ದಿನವೋ, ಆರು ವಾರವೋ, ಹದಿಮೂರು ವಾರವೋ ಭಾಷೆ ಮತ್ತು ಅಲ್ಲಿನ ರೀತಿನೀತಿ ಕಲಿತು, ಆಮೇಲೆ ನೇರ ಶಾಪ್ ಫ್ಲೋರಿಗೆ ಇಳಿಯುತ್ತಾರೆ. ಇನ್ನೊಂದು ಮ್ಯಾನೇಜ್‌ಮೆಂಟ್ ತರಬೇತಿ. ಸುಮಾರು ಎರಡು ವಾರದ್ದು. ಬೇರೆ ಬೇರೆ ಕಂಪನಿ, ಕೆಲವೊಮ್ಮೆ ಬೇರೆ ಬೇರೆ ದೇಶದ ಇಪ್ಪತ್ತು ಚಿಲ್ಲರೆ ಜನ ಒಂದು ಬ್ಯಾಚ್. ಬೆಳಗ್ಗೆ ಪಾಠ, ಮಧ್ಯೆ ಮಧ್ಯೆ ಕಂಪನಿ ವಿಸಿಟ್, ಕೊನೆಗೆ "ನಮ್ಮ ಕಂಪನಿಗೆ ಹೋಗಿ ಏನು ಮಾಡುತ್ತೇವೆ" ಅಂತ ಒಂದು ಪ್ರೆಸೆಂಟೇಶನ್. ಖರ್ಚಿನ ಒಂದು ಭಾಗವನ್ನು ಜಪಾನ್ ಸರ್ಕಾರ ಹೊರುತ್ತೆ, ಉಳಿದದ್ದನ್ನು ಕಳಿಸುವ ಕಂಪನಿ. ನಮ್ಮ ಪೀಣ್ಯದ ಮ್ಯಾನೇಜರ್ ಹೋಗಿದ್ದು ಈ ಥರದ ಎರಡು ವಾರದ ಕೋರ್ಸಿಗೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಅವರಿಗೇನು ಲಾಭ? ನಾಳೆ ಪೈಪೋಟಿಗೆ ನಿಲ್ಲುವವನನ್ನು ಇವತ್ತು ಕರೆದು ಟೀ ಕೊಟ್ಟು ಯಾರಾದರೂ ಒಳಮನೆ ತೋರಿಸುತ್ತಾರಾ?

ನೇರ ಲಾಭ ಇದ್ದೇ ಇದೆ. ಜಪಾನಿನ ದೊಡ್ಡ ಕಂಪನಿಗಳಿಗೆ ಬೇರೆ ದೇಶಗಳಲ್ಲಿ ವೆಂಡರ್‌ಗಳು ಬೇಕು, ಆ ವೆಂಡರ್ ಮಾಡುವ ಬೋಲ್ಟು ಬ್ರಾಕೆಟ್ಟು ಸರಿಯಾಗಿರಬೇಕು. ಅವರ ಮೆಷಿನ್ ಕೊಂಡವನಿಗೆ ಅದನ್ನು ಓಡಿಸೋಕೆ ಬರಬೇಕು. ಇಪ್ಪತ್ತು ವರ್ಷ ಬಿಟ್ಟು ಅವನೇ ಕಂಪನಿಯ ಡೈರೆಕ್ಟರ್ ಆದಾಗ ಕೊಟೇಶನ್ ಯಾರ ಹತ್ತಿರ ಮೊದಲು ಕೇಳುತ್ತಾನೆ ಅಂತ ಹೇಳಬೇಕಾಗಿಲ್ಲ. ಇನ್ನೊಂದು ಕಾರಣ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತೆ: ಅವರೂ ಹೀಗೇ ಊರೂರು ಸುತ್ತಿ ಕಲಿತವರು. ಕಣ್ಣಿಗೆ ಕಾಣುವುದನ್ನು ಕದ್ದೊಯ್ದರೆ ಹೆಚ್ಚೇನೂ ಸಿಗೋದಿಲ್ಲ ಅಂತ ಅವರಿಗೆ ಸ್ವಂತ ಅನುಭವದಿಂದ ಗೊತ್ತು.

1922ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಾರ್ಖಾನೆಗೆ ಕಿಇಚಿರೊ ಟೊಯೊಡ ಅನ್ನುವ ಯುವ ಎಂಜಿನಿಯರ್ ಕಲಿಯೋಕೆ ಬಂದಿದ್ದ. ಪ್ಲಾಟ್ ಅಂದರೆ ಆ ಕಾಲಕ್ಕೆ ಜವಳಿ ಯಂತ್ರಗಳ ರಾಜ. ಹುಡುಗನ ಅಪ್ಪ ಸಕಿಚಿ ಟೊಯೊಡ ಜಪಾನಿನಲ್ಲಿ ಮಗ್ಗ ಮಾಡುತ್ತಿದ್ದವರು. 1924ರಲ್ಲಿ ಇವರ ಜಿ ಮಾದರಿಯ ಆಟೊಮ್ಯಾಟಿಕ್ ಮಗ್ಗ ಹೊರಬಂತು. 1929ರಲ್ಲಿ ಅದೇ ಪ್ಲಾಟ್ ಬ್ರದರ್ಸ್ ಆ ಮಗ್ಗದ ಪೇಟೆಂಟ್ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಶಿಷ್ಯನಾಗಿ ಹೋದ ಮನೆಗೆ ಏಳು ವರ್ಷದಲ್ಲಿ ಮಾರಾಟಗಾರನಾಗಿ ಹೋಗೋದು ಅಂದರೆ ತಮಾಷೆನಾ? ಈ ಕಿಇಚಿರೊನೇ ಮುಂದೆ ಟೊಯೊಟ ಕಾರು ಕಂಪನಿ ಕಟ್ಟಿದ್ದು.

1950ರಲ್ಲಿ ಕಿಇಚಿರೊನ ದಾಯಾದಿ ಏಜಿ ಟೊಯೊಡ ಅಮೆರಿಕಕ್ಕೆ ಹೋಗಿ ಫೋರ್ಡಿನ ರೂಜ್ ಕಾರ್ಖಾನೆ ನೋಡಿದರು. ಆ ವರ್ಷ ಟೊಯೊಟ ಇಡೀ ವರ್ಷಕ್ಕೆ ಮಾಡಿದ್ದು ಸುಮಾರು 12 ಸಾವಿರ ಗಾಡಿ. ಫೋರ್ಡ್ ದಿನಕ್ಕೇ ಸಾವಿರಾರು ಮಾಡುತ್ತಿತ್ತು. ಆ ಪ್ರಮಾಣ ನೋಡಿ ಎದೆ ಒಡೆದು ವಾಪಸ್ ಬರಬೇಕಿತ್ತು. ಅವರು ತಂದಿದ್ದರಲ್ಲಿ ಒಂದು ತೀರಾ ಅಗ್ಗದ ವಸ್ತು: ಕಾರ್ಮಿಕರಿಂದ ಸಲಹೆ ಬರೆಸಿಕೊಳ್ಳುವ ಪದ್ಧತಿ. 1951ರಲ್ಲಿ ಟೊಯೊಟದಲ್ಲಿ ಅದು ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಅದಕ್ಕೆ ಬಂಡವಾಳ ಅಂದರೆ ಕಾಗದ, ಪೆನ್ಸಿಲ್ಲು, ಮತ್ತೆ ಬಂದ ಚೀಟಿಯನ್ನು ಮೇಲಿನವನು ನಿಜವಾಗಲೂ ಓದೋದು. ಮೂರನೆಯದು ಇಲ್ಲದೇ ನಮ್ಮ ಎಷ್ಟೋ ಕಂಪನಿಗಳ ಸಲಹಾ ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ.

1955ರಲ್ಲಿ ಜಪಾನ್ ಪ್ರೊಡಕ್ಟಿವಿಟಿ ಸೆಂಟರ್ ಹುಟ್ಟಿತು. ಅಲ್ಲಿಂದ ಅಮೆರಿಕಕ್ಕೆ ತಂಡದ ಮೇಲೆ ತಂಡ ಕಳಿಸಿದರು. ಕಂಪನಿ ಅಧ್ಯಕ್ಷರು, ಎಂಜಿನಿಯರುಗಳು, ಕಾರ್ಮಿಕ ಸಂಘದವರು ಕೂಡ. ಬ್ರಿಟಿಷರು ಇದಕ್ಕೂ ಮೊದಲೇ, 1948ರಿಂದ 1952ರವರೆಗೆ, ಇದೇ ಥರ ಅರವತ್ತಕ್ಕೂ ಹೆಚ್ಚು ತಂಡಗಳನ್ನು ಅಮೆರಿಕಕ್ಕೆ ಕಳಿಸಿದ್ದರು. ಬ್ರಿಟಿಷರ ವರದಿಗಳು ಬಹಳ ಚೆನ್ನಾಗಿದ್ದವು. ಕಾರುಗಳು ಮಾತ್ರ ಜಪಾನಿನಿಂದ ಬಂದವು.

ಸುತ್ತಾಟದಲ್ಲಿ ಕಲಿಯೋದು ಅಂದರೇನು ಅಂತ ತೋರಿಸೋಕೆ ನನಗೆ ಇಷ್ಟವಾದ ಉದಾಹರಣೆ ತಾಯಿಚಿ ಒಹ್ನೊ ಅವರದ್ದು. ಟೊಯೊಟದ ಉತ್ಪಾದನಾ ಪದ್ಧತಿ ಕಟ್ಟಿದವರಲ್ಲಿ ಮುಖ್ಯರು. 1956ರಲ್ಲಿ ಅಮೆರಿಕಕ್ಕೆ ಹೋಗಿದ್ದು ಕಾರು ಕಾರ್ಖಾನೆ ನೋಡೋಕೆ. ಫೋರ್ಡ್, ಜಿಎಂ ಎಲ್ಲ ನೋಡಿದರು. ತಲೆಯಲ್ಲಿ ಕೂತಿದ್ದು ಮಾತ್ರ ಸೂಪರ್ ಮಾರ್ಕೆಟ್. ಯಾಕೆ ಅಂತ ನಮ್ಮ ಬೀದಿಯ ಹಾಲಿನ ಬೂತಿನಿಂದ ಹೇಳಿದರೆ ಸುಲಭ. ಬೂತಿನವನು ಸಂಜೆ ಎಷ್ಟು ಪ್ಯಾಕೆಟ್ ಹೋಯಿತು, ಎಷ್ಟು ಉಳಿಯಿತು ನೋಡಿಕೊಂಡು ನಾಳೆಗೆ ಇಂಡೆಂಟ್ ಹಾಕುತ್ತಾನೆ. ಡೈರಿಯವರು ತಮಗೆ ಇಷ್ಟ ಬಂದಷ್ಟು ತಂದು ಸುರಿದು ಹೋದರೆ ಅವನ ಗತಿ ಏನು? ಆದರೆ ಕಾರ್ಖಾನೆಗಳಲ್ಲಿ ಆಗ ನಡೆಯುತ್ತಿದ್ದದ್ದು ಸುರಿಯುವ ಪದ್ಧತಿಯೇ. ಹಿಂದಿನ ವಿಭಾಗ ತನ್ನ ಪಾಡಿಗೆ ಮಾಡಿ ಮಾಡಿ ಮುಂದಿನವರ ತಲೆ ಮೇಲೆ ಹೇರುತ್ತಿತ್ತು. ಮುಂದಿನವನು ಅಂಗಡಿಗೆ ಬಂದ ಗಿರಾಕಿಯ ಹಾಗೆ ಬೇಕಾದಷ್ಟೇ ಎತ್ತಿಕೊಳ್ಳಲಿ, ಖಾಲಿಯಾದ ಜಾಗವೇ ಹಿಂದಿನವನಿಗೆ ಆರ್ಡರ್ ಆಗಲಿ ಅನ್ನೋದು ಒಹ್ನೊ ಯೋಚನೆ. ಆ ಆರ್ಡರ್ ಚೀಟಿಗೇ ಕಾನ್‌ಬಾನ್ ಅನ್ನೋದು.

ಒಹ್ನೊ ಸೂಪರ್ ಮಾರ್ಕೆಟ್ ನೋಡಿದ ಮೇಲೆ ಈ ಯೋಚನೆ ಹುಟ್ಟಿದ್ದಲ್ಲ. ಅದಕ್ಕೂ ವರ್ಷಗಳ ಹಿಂದಿನಿಂದಲೇ ತಲೆಯಲ್ಲಿ ಈ ಹುಳ ಕೊರೆಯುತ್ತಿತ್ತು. ಅಮೆರಿಕದಲ್ಲಿ ದಿನಾ ಲಕ್ಷಾಂತರ ಜನ ತಳ್ಳುಗಾಡಿ ತಳ್ಳಿಕೊಂಡು ಅದೇ ಅಂಗಡಿಗಳಲ್ಲಿ ಓಡಾಡುತ್ತಿದ್ದರು. ಅವರಿಗೆ ಬ್ರೆಡ್ಡು ಕಾಣಿಸಿತು.

ಸರಿ, ಈಗ ಒಂದು ಕಂಪನಿ ವಿಸಿಟ್ ಒಳಗೆ ನಿಜವಾಗಿ ಎಷ್ಟು ಸಮಯ ಸಿಗುತ್ತೆ ಅಂತ ಲೆಕ್ಕ ಹಾಕೋಣ. ವೇಳಾಪಟ್ಟಿಯಲ್ಲಿ ಎರಡು ಗಂಟೆ ಅಂತ ಇರುತ್ತೆ ಅಂತಿಟ್ಟುಕೊಳ್ಳಿ. ಬಸ್ ಇಳಿದು, ತಲೆ ಬಾಗಿಸಿ, ವಿಸಿಟಿಂಗ್ ಕಾರ್ಡ್ ಅದಲು ಬದಲು ಮಾಡೋಕೆ ಹತ್ತು ನಿಮಿಷ. ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ತಗೊಂಡ ಮೇಲೆ ಒಮ್ಮೆ ಓದಬೇಕು, ಎದುರು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ನಮ್ಮವರು ಅಭ್ಯಾಸಬಲದಿಂದ ಸೀದಾ ಹಿಂದಿನ ಜೇಬಿಗೆ ಇಳಿಸಿ ಅದರ ಮೇಲೇ ಕೂತುಬಿಡುತ್ತಾರೆ, ಅದು ಅವರ ಕಣ್ಣಿಗೆ ಕೊಟ್ಟವರ ಮೇಲೇ ಕೂತ ಹಾಗೆ. ಸ್ವಾಗತ ಭಾಷಣ, ಕಂಪನಿಯ ವಿಡಿಯೊ, ಇಪ್ಪತ್ತೈದು ನಿಮಿಷ. ಟೋಪಿ, ಕನ್ನಡಕ, ಕಿವಿಗೆ ರಿಸೀವರ್, ಹತ್ತು. ಫ್ಲೋರಿನಲ್ಲಿ ನಡಿಗೆ ನಲವತ್ತು. ಪ್ರಶ್ನೋತ್ತರ ಇಪ್ಪತ್ತೈದು. ಉಡುಗೊರೆ, ಗ್ರೂಪ್ ಫೋಟೊ, ಹತ್ತು. ಮುಗಿಯಿತು ಎರಡು ಗಂಟೆ.

ಇದರಲ್ಲಿ ಕಲಿಯೋಕೆ ಚಿನ್ನದಂಥ ಭಾಗ ಪ್ರಶ್ನೋತ್ತರ. ಆ ಇಪ್ಪತ್ತೈದು ನಿಮಿಷದಲ್ಲಿ ಪ್ರತಿ ಮಾತೂ ಎರಡು ಸಲ ಆಗುತ್ತೆ, ಒಮ್ಮೆ ಆಡಿದವರ ಭಾಷೆಯಲ್ಲಿ, ಒಮ್ಮೆ ದುಭಾಷಿಯ ಬಾಯಲ್ಲಿ. ಅಂದರೆ ಉಳಿಯೋದು ಹನ್ನೆರಡು ನಿಮಿಷ. ಒಂದು ಪ್ರಶ್ನೆಗೆ ಮೂರು ನಿಮಿಷ ಹಿಡಿದರೆ ನಾಲ್ಕು ಪ್ರಶ್ನೆ. ಬ್ಯಾಚಿನಲ್ಲಿ ಇರೋದು ಇಪ್ಪತ್ತು ಜನ. ನಾಲ್ಕರಲ್ಲಿ ಒಂದು ಪ್ರಶ್ನೆ "ನಿಮ್ಮಲ್ಲಿ ಎಷ್ಟು ಜನ ಕೆಲಸಗಾರರಿದ್ದಾರೆ" ಅನ್ನೋದು, ಅದು ಕೈಯಲ್ಲಿರುವ ಬ್ರೋಷರಿನ ಎರಡನೇ ಪುಟದಲ್ಲೇ ಇರುತ್ತೆ. ಇನ್ನೊಂದು "ಈ ಮೆಷಿನ್‌ಗೆ ಎಷ್ಟಾಯಿತು" ಅನ್ನೋದು. ಅದಕ್ಕೆ ಅವರು ತಲೆ ಸ್ವಲ್ಪ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು "ಚೊಟ್ಟೊ…" ಅನ್ನುತ್ತಾರೆ. ಚೊಟ್ಟೊ ಅಂದರೆ ಸ್ವಲ್ಪ. ಅಂಥ ಹೊತ್ತಿನಲ್ಲಿ ಅದರ ಅರ್ಥ ಹೇಳಲ್ಲ ಅಂತ. ನಮ್ಮಲ್ಲಿ "ನೋಡೋಣ" ಅನ್ನೋದಿಲ್ವಾ, ಹಾಗೆ.

ಫೋಟೊ ಸಾಮಾನ್ಯವಾಗಿ ನಿಷಿದ್ಧ. ಇದರಿಂದ ಬೇಜಾರಾಗುವವರೇ ಜಾಸ್ತಿ, ನನಗೇನೋ ಅದು ಉಪಕಾರ ಅನ್ನಿಸುತ್ತೆ. ಕ್ಯಾಮೆರಾ ಇದ್ದರೆ ನಾವು ವಸ್ತುಗಳನ್ನು ನೋಡುತ್ತೇವೆ: ಬೋರ್ಡು, ಗೆರೆ, ಟ್ರಾಲಿ. ಇಲ್ಲದಿದ್ದರೆ ಕನಿಷ್ಠ ಮನುಷ್ಯರನ್ನು ನೋಡುವ ಅವಕಾಶ ಇರುತ್ತೆ. ಒಹ್ನೊ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಎಂಜಿನಿಯರನ್ನು ಅದರೊಳಗೆ ನಿಲ್ಲಿಸಿ, ನೋಡ್ತಾ ಇರು ಅಂತ ಹೇಳಿ ಹೋಗಿಬಿಡುತ್ತಿದ್ದರಂತೆ. ಗಂಟೆಗಟ್ಟಲೆ. ಮೊದಲ ಅರ್ಧ ಗಂಟೆ ಎಲ್ಲ ಸರಿಯಾಗೇ ಕಾಣುತ್ತೆ. ಆಮೇಲೆ ಒಬ್ಬ ಆಪರೇಟರ್ ಪ್ರತಿ ಸಲವೂ ಬಗ್ಗಿ ನೆಲದಿಂದ ಪಾರ್ಟ್ ಎತ್ತುತ್ತಿರೋದು ಕಾಣುತ್ತೆ. ಇನ್ನೊಬ್ಬ ಒಂದೇ ಗೇಜಿಗೆ ಹತ್ತು ಸಲ ಅತ್ತ ನಡೆದು ಬರೋದು ಕಾಣುತ್ತೆ. ಪ್ರವಾಸದಲ್ಲಿ ಹೋದವರಿಗೆ ಈ ಗಂಟೆಗಳು ಸಿಗೋದಿಲ್ಲ, ಹಿಂದಿನವರು ಮುಂದಿನವರನ್ನು ತಳ್ಳಿಕೊಂಡೇ ಹೋಗುತ್ತಾರೆ.

ಈಗ ಆ ಹಗ್ಗದ ವಿಷಯ.

ಟೊಯೊಟ ಅಸೆಂಬ್ಲಿ ಲೈನಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಇರುತ್ತಿತ್ತು. ಈಗ ಕೆಲವು ಕಡೆ ಅದರ ಬದಲು ಬಟನ್ ಬಂದಿದೆ. ಕೆಲಸಗಾರನಿಗೆ ಏನಾದರೂ ಸರಿ ಇಲ್ಲ ಅನ್ನಿಸಿದರೆ, ಬೋಲ್ಟ್ ಕೂರುತ್ತಿಲ್ಲ, ಪಾರ್ಟ್ ಗೀರಿದೆ, ತಾನೇ ಒಂದು ಸೆಕೆಂಡ್ ಹಿಂದೆ ಬಿದ್ದಿದ್ದಾನೆ, ಹಗ್ಗ ಎಳೆಯಬೇಕು. ತಲೆ ಮೇಲಿನ ಬೋರ್ಡಿನಲ್ಲಿ ದೀಪ ಹತ್ತುತ್ತೆ, ಒಂದು ಸಣ್ಣ ಟ್ಯೂನ್ ಕೇಳುತ್ತೆ. ಇದಕ್ಕೆ ಆಂಡೊನ್ ಅನ್ನುತ್ತಾರೆ. ನೋಡಿದವರೆಲ್ಲ ಊರಿಗೆ ಬಂದು ಹೇಳೋದು ಒಂದೇ: "ಅಲ್ಲಿ ಸಾಮಾನ್ಯ ಕೆಲಸಗಾರನೂ ಲೈನ್ ನಿಲ್ಲಿಸಬಹುದು ರೀ!"

ಸ್ವಲ್ಪ ಹತ್ತಿರದಿಂದ ನೋಡಿ. ಹಗ್ಗ ಎಳೆದ ತಕ್ಷಣ ಲೈನ್ ನಿಲ್ಲೋದಿಲ್ಲ. ಕಾರು ಮುಂದೆ ಹೋಗುತ್ತಲೇ ಇರುತ್ತೆ, ನೆಲದ ಮೇಲೆ ಗುರುತು ಮಾಡಿದ ಒಂದು ಜಾಗದವರೆಗೆ. ಅಷ್ಟರಲ್ಲಿ ಟೀಮ್ ಲೀಡರ್ ಬಂದು ನೋಡಬೇಕು. ಸರಿಹೋದರೆ ಅವನು ಮತ್ತೆ ಹಗ್ಗ ಎಳೆದು ದೀಪ ಆರಿಸುತ್ತಾನೆ, ಲೈನ್ ನಿಂತೇ ಇಲ್ಲ. ಸರಿಹೋಗದಿದ್ದರೆ ಮಾತ್ರ ಆ ಗುರುತಿಗೆ ಬಂದಾಗ ನಿಲ್ಲುತ್ತೆ. ಅಂದರೆ ಹಗ್ಗ ನಿಜವಾಗಿ ನಿಲ್ಲಿಸುವ ಸ್ವಿಚ್ಚೇ ಅಲ್ಲ, ಅದು ಕರೆಗಂಟೆ. ಕರೆದರೆ ಕೆಲವೇ ಸೆಕೆಂಡಿನಲ್ಲಿ ಯಾರೋ ಬರಬೇಕು. ಬರಬೇಕು ಅಂದರೆ ಆ ಲೀಡರಿನ ಕೈಕೆಳಗೆ ಐದಾರು ಜನ ಮಾತ್ರ ಇರಬೇಕು, ಅವನಿಗೆ ಬೇರೆ ಕೆಲಸ ಹೇರಿರಬಾರದು. ಬಂದವನು "ಏನಯ್ಯಾ ನಿಂದು ಗೋಳು" ಅನ್ನದೆ ಮೊದಲು ಸಹಾಯ ಮಾಡಬೇಕು. ಸಂಜೆ ಅದೇ ತೊಂದರೆ ಮತ್ತೆ ಯಾಕೆ ಬಂತು ಅಂತ ಯಾರಾದರೂ ಕೂತು ನೋಡಬೇಕು. ವಿಸಿಟಿಗೆ ಬಂದವರಿಗೆ ಕಾಣೋದು ಹಗ್ಗ. ಹಗ್ಗದ ಹಿಂದೆ ಐದು ಜನಕ್ಕೊಬ್ಬ ಅಂತ ಸಂಬಳ ಕೊಟ್ಟು ಸುಮ್ನೆ ನಿಲ್ಲಿಸಿಕೊಂಡಿರುವ ಹಾಗೆ ಕಾಣುವ ಆ ಮನುಷ್ಯ ಯಾರ ನೋಟ್‌ಬುಕ್ಕಿನಲ್ಲೂ ಬರೋದಿಲ್ಲ. ನಮ್ಮಲ್ಲಿ ಒಬ್ಬ ಸೂಪರ್‌ವೈಸರ್ ಕೈಕೆಳಗೆ ನಲವತ್ತು ಜನ, ಅವನ ಕಿವಿಗೆ ದಿನವಿಡೀ ಡಿಸ್ಪ್ಯಾಚಿನವರ ಫೋನು. ಅಲ್ಲಿಗೆ ಹಗ್ಗ ಕಟ್ಟಿದರೆ ಬಟ್ಟೆ ಒಣಗಿಸಬಹುದು.

ಜಿಎಂ ಕಥೆ ಹೇಳುತ್ತೇನೆ ಅಂದಿದ್ದೆನಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜಿಎಂಗೆ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಕ್ಕೆ ಹೆಸರುವಾಸಿ. 1982ರಲ್ಲಿ ಬೀಗ ಹಾಕಿದರು. 1984ರಲ್ಲಿ ಅದೇ ಕಟ್ಟಡದಲ್ಲಿ ಜಿಎಂ ಮತ್ತು ಟೊಯೊಟ ಸೇರಿ ನಮ್ಮಿ ಅನ್ನುವ ಜಂಟಿ ಕಂಪನಿ ತೆರೆದವು. ಹಳೆಯ ಕೆಲಸಗಾರರಲ್ಲೇ ಬಹಳ ಜನರನ್ನು, ಅದೇ ಕಾರ್ಮಿಕ ಸಂಘವನ್ನು ಇಟ್ಟುಕೊಂಡೇ ಶುರು ಮಾಡಿದರು. ನೂರಾರು ಟೀಮ್ ಲೀಡರುಗಳನ್ನು, ಗ್ರೂಪ್ ಲೀಡರುಗಳನ್ನು ಜಪಾನಿಗೆ ಕಳಿಸಿದರು. ಅವರು ಅಲ್ಲಿ ಪಾಠ ಕೇಳಿದ್ದಷ್ಟೇ ಆಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ವಾರಗಟ್ಟಲೆ ಟೊಯೊಟದ ಲೈನಿನಲ್ಲೇ, ಜಪಾನಿನ ಕೆಲಸಗಾರನ ಪಕ್ಕ ನಿಂತು ಬೋಲ್ಟ್ ಬಿಗಿದರು. ಹಗ್ಗ ಎಳೆದರೆ ಬೈಗುಳ ಬದಲು ಸಹಾಯ ಬರುತ್ತೆ ಅನ್ನೋದನ್ನು ಮೈಮೇಲೆ ಅನುಭವಿಸಿ ಬಂದರು. ಸ್ವಲ್ಪ ಕಾಲದಲ್ಲೇ ಫ್ರೀಮಾಂಟಿನ ಕಾರುಗಳ ಗುಣಮಟ್ಟ ಜಪಾನಿನ ಮಟ್ಟಕ್ಕೆ ಹತ್ತಿರ ಬಂತು, ಗೈರುಹಾಜರಿ ಪಾತಾಳಕ್ಕೆ ಇಳಿಯಿತು.

ಜಿಎಂ ತನ್ನ ಬೇರೆ ಕಾರ್ಖಾನೆಗಳ ಮ್ಯಾನೇಜರುಗಳನ್ನೂ ಫ್ರೀಮಾಂಟಿಗೆ ನೋಡೋಕೆ ಕಳಿಸಿತು. ಬಂದರು, ನೋಡಿದರು, ಹೋದರು. ಬಾಗಿಲು ತೆರೆದೇ ಇತ್ತು, ಗುಟ್ಟು ಅಂತ ಏನೂ ಇರಲಿಲ್ಲ, ಆದರೂ ಉಳಿದ ಕಾರ್ಖಾನೆಗಳಿಗೆ ಅದು ಹಬ್ಬೋಕೆ ವರ್ಷಗಳೇ ಹಿಡಿದವು. ಹಗ್ಗ ಕಟ್ಟಿದ ಕಡೆ ಎಳೆಯೋಕೆ ಜನ ಹೆದರುತ್ತಿದ್ದರು. ನಮ್ಮಿ 2010ರಲ್ಲಿ ಮುಚ್ಚಿತು, ಆ ಕಟ್ಟಡದಲ್ಲಿ ಈಗ ಟೆಸ್ಲಾ ಇದೆ. ಜಿಎಂನಂಥ ಜಿಎಂಗೇ ಸ್ವಂತ ಮನೆಯೊಳಗಿನ ವಿಸಿಟಿನಿಂದ ಕಲಿಯೋದು ಕಷ್ಟವಾಯಿತು ಅಂದಮೇಲೆ ಪೀಣ್ಯದ ಮ್ಯಾನೇಜರನ್ನು ಬೈದು ಏನು ಪ್ರಯೋಜನ?

ಇಡೀ ಸುತ್ತಾಟದಲ್ಲಿ ಒಂದೇ ಒಂದು ಜಾಗ ಆರಿಸಿಕೊಳ್ಳಿ ಅಂದರೆ ನಾನು ನಗೋಯಾದ ಟೊಯೊಟ ಕೈಗಾರಿಕಾ ಮ್ಯೂಸಿಯಂ ಅನ್ನುತ್ತೇನೆ. 1994ರಲ್ಲಿ ತೆರೆದದ್ದು, ಹಳೆಯ ಜವಳಿ ಗಿರಣಿಯ ಕೆಂಪು ಇಟ್ಟಿಗೆ ಕಟ್ಟಡ. ಅಲ್ಲಿ ಆ 1924ರ ಜಿ ಮಗ್ಗ ಇದೆ, ಓಡಿಸಿಯೂ ತೋರಿಸುತ್ತಾರೆ. ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳ್ಳನೆಯ ತಗಡಿನ ಪಟ್ಟಿ ನೇತಾಡುತ್ತಿರುತ್ತೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆ ನಿಂತಿರುತ್ತೆ. ಓಡುತ್ತಿರುವಾಗಲೇ ಒಂದು ಎಳೆ ಕತ್ತರಿಸಿದರೆ ಆ ಪಟ್ಟಿ ಕೆಳಗೆ ಜಾರಿ, ಮಗ್ಗ ಅಲ್ಲೇ ನಿಂತುಬಿಡುತ್ತೆ. ಲಟಕ್ ಅಂತ. ಅಷ್ಟೇ.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುವವರಿಗೆ ಇದನ್ನು ತೋರಿಸಿದರೆ ಒಂದು ಮಾತೂ ವಿವರಿಸಬೇಕಾಗಿಲ್ಲ. ಎಳೆ ಹರಿದದ್ದು ಗೊತ್ತಾಗದೆ ಒಂದು ಮೊಳ ಸೀರೆ ಹಾಳಾಗುವುದು ಅಂದರೇನು ಅಂತ ಅವರಿಗೆ ಗೊತ್ತು. ಅದಕ್ಕೇ ಮಗ್ಗದ ಪಕ್ಕ ಒಬ್ಬರು ಕಣ್ಣು ಮಿಟುಕಿಸದೆ ನಿಂತಿರಬೇಕು. ಮಗ್ಗ ತಾನೇ ನಿಲ್ಲೋಕೆ ಕಲಿತರೆ, ಲಾಳಿಯ ನೂಲು ಮುಗಿದಾಗ ತಾನೇ ಲಾಳಿ ಬದಲಿಸಿಕೊಂಡರೆ, ಒಬ್ಬಳೇ ಹೆಂಗಸು ಮೂವತ್ತು ಮಗ್ಗ ನೋಡಿಕೊಳ್ಳಬಹುದು. ಆಂಡೊನ್ ಹಗ್ಗದ ತಾಯಿ ಈ ತಗಡಿನ ಪಟ್ಟಿ. ತಪ್ಪಾದ ಕೂಡಲೇ ನಿಲ್ಲು, ತಪ್ಪನ್ನು ಮುಂದಕ್ಕೆ ಕಳಿಸಬೇಡ. ಎರಡು ವಾರ ಪವರ್ ಪಾಯಿಂಟಿನಲ್ಲಿ ಇದನ್ನೇ 'ಜಿದೋಕಾ' ಅನ್ನುವ ಹೆಸರಿನಲ್ಲಿ ಕೇಳಿದ್ದು ಇಲ್ಲಿ ಮೂರು ಸೆಕೆಂಡಿನಲ್ಲಿ ಇಳಿಯುತ್ತೆ.

ಅಂದಹಾಗೆ ಈ ಟೊಯೊಡ ಮನೆತನ ಕರ್ನಾಟಕಕ್ಕೆ ಕಾಲಿಟ್ಟದ್ದೂ ಕಾರಿನಿಂದಲ್ಲ, ಜವಳಿ ಯಂತ್ರದಿಂದ. 1995ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಜವಳಿ ಯಂತ್ರದ ಕಂಪನಿ ಕಟ್ಟಿ ಜಿಗಣಿಯಲ್ಲಿ ಕಾರ್ಖಾನೆ ಮಾಡಿದರು. ಬಿಡದಿಯ ಕಾರು ಕಂಪನಿ ಹುಟ್ಟಿದ್ದು ಆಮೇಲೆ, 1997ರಲ್ಲಿ. 2007ರಲ್ಲಿ ಅಲ್ಲೇ ಒಂದು ತಾಂತ್ರಿಕ ತರಬೇತಿ ಶಾಲೆಯೂ ಶುರುವಾಯಿತು, ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳಿಗೆ ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುವುದು. ಎರಡು ವಾರದ ಟೂರಿಗೂ ಮೂರು ವರ್ಷದ ವಾಸಕ್ಕೂ ಎಷ್ಟು ವ್ಯತ್ಯಾಸ ಅಂತ ಟೊಯೊಟದವರಿಗೇ ಚೆನ್ನಾಗಿ ಗೊತ್ತಿದೆ ಅಂತ ಇದರಿಂದ ಕಾಣುತ್ತೆ.

ಜಪಾನ್ ನೋಡಿ ಬರುವ ಹುಚ್ಚು ನಮಗೆ ಹೊಸದೂ ಅಲ್ಲ. ವಿಶ್ವೇಶ್ವರಯ್ಯನವರು ಜಪಾನಿಗೆ ಮೊದಲು ಹೋಗಿದ್ದು 1898ರಲ್ಲಿ. ಆಗಿನ್ನೂ ಅವರು ಬೊಂಬಾಯಿ ಪ್ರಾಂತ್ಯದಲ್ಲಿ ಎಂಜಿನಿಯರು, ಮೈಸೂರು ದಿವಾನಗಿರಿಗೆ ಇನ್ನೂ 14 ವರ್ಷ ಇತ್ತು.

ಇತ್ತೀಚಿನದ್ದು ಹೇಳಬೇಕು ಅಂದರೆ ವಿಎಲ್‌ಎಫ್‌ಎಂ. 2007ರಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಜಪಾನಿನ ನೆರವು ಸಂಸ್ಥೆ ಜೈಕಾ ಮೂಲಕ ಶುರು ಮಾಡಿದ, ಉತ್ಪಾದನಾ ಕ್ಷೇತ್ರದ ಮ್ಯಾನೇಜರುಗಳ ತರಬೇತಿ. ಐಐಎಂ ಕಲ್ಕತ್ತ, ಐಐಟಿ ಕಾನ್ಪುರ, ಐಐಟಿ ಮದ್ರಾಸ್ ಇದರಲ್ಲಿ ಇದ್ದವು. ಇದರ ಹಿಂದಿನ ತಲೆ ಪ್ರೊಫೆಸರ್ ಶೋಜಿ ಶಿಬಾ, 2012ರಲ್ಲಿ ನಮ್ಮ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅವರು ಹೇಳಿಕೊಡುತ್ತಿದ್ದ ಒಂದು ಹೋಲಿಕೆ ನನಗೆ ಇಷ್ಟ. ಗಾಜಿನ ತೊಟ್ಟಿಯ ಮೀನನ್ನು ಹೊರಗೆ ನಿಂತು ಎಣಿಸಿದರೆ ಮೀನಿನ ಪಾಡು ತಿಳಿಯೋದಿಲ್ಲ, ತೊಟ್ಟಿಗೆ ಧುಮುಕಬೇಕು, ಆಮೇಲೆ ಹೊರಗೆ ಬಂದು ಯೋಚಿಸಬೇಕು ಅನ್ನೋದು. ಕಂಪನಿ ವಿಸಿಟ್ ಅಂದರೆ ಗಾಜಿನ ಹೊರಗೆ ನಿಲ್ಲೋದೇ. ಟೋಪಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಜರ್ಮನಿಯವರ ಲೆಕ್ಕ ಬೇರೆ. ಅಲ್ಲಿನ ಆರ್ಥಿಕ ಸಚಿವಾಲಯದ ಮ್ಯಾನೇಜರ್ ತರಬೇತಿ ಕಾರ್ಯಕ್ರಮಕ್ಕೆ ಭಾರತ 2008ರಲ್ಲಿ ಸೇರಿತು, ನಡೆಸುವುದು ಜಿಐಜೆಡ್ ಸಂಸ್ಥೆ. ಪಾಠಕ್ಕಿಂತ ವ್ಯವಹಾರಕ್ಕೆ ಅಲ್ಲಿ ಒತ್ತು. ಹೋಗುವಾಗಲೇ ನೀವು ಒಂದು ಪ್ರಾಜೆಕ್ಟ್ ಹಿಡಿದುಕೊಂಡು ಹೋಗಬೇಕು: ನನಗೆ ಈ ಥರದ ಗ್ರೈಂಡಿಂಗ್ ಮೆಷಿನ್ ಬೇಕು, ಅಥವಾ ನನ್ನ ಎರಕದ ಮಾಲಿಗೆ ಗಿರಾಕಿ ಬೇಕು ಅಂತ. ಗುಂಪಿನ ವಿಸಿಟುಗಳ ಜೊತೆಗೆ ನೀವೊಬ್ಬರೇ ಹೋಗಿ ಮಾತಾಡುವ ಭೇಟಿಗಳೂ ಇರುತ್ತವೆ. ಅಲ್ಲಿ ಸಿಗುವವರು ಬಹಳ ಸಲ ಮಧ್ಯಮ ಗಾತ್ರದ ಕುಟುಂಬದ ಕಂಪನಿಗಳು, ಮೂರು ತಲೆಮಾರಿನಿಂದ ಒಂದೇ ಥರದ ವಾಲ್ವ್ ಮಾಡಿಕೊಂಡು ಬಂದವರು. ಮಾಲೀಕನೇ ಬಂದು ಎದುರಿಗೆ ಕೂರುತ್ತಾನೆ, ಹತ್ತಕ್ಕೆ ಅಂದರೆ ಹತ್ತಕ್ಕೆ. ಸಣ್ಣ ಉದ್ಯಮದವರಿಗೆ, ಅದರಲ್ಲೂ ಕೊಳ್ಳೋದು ಮಾರೋದು ಗುರಿಯಾಗಿದ್ದವರಿಗೆ, ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗುರಿ ಕೈಯಲ್ಲಿ ಹಿಡಿದು ಹೋದವನಿಗೆ ಬ್ರೋಷರ್ ನೋಡೋಕೆ ಪುರುಸೊತ್ತಿರೋದಿಲ್ಲ.

ನಾವೂ ಹೀಗೆ ಕರೆಸುವವರೇ. ಭಾರತದ ವಿದೇಶಾಂಗ ಸಚಿವಾಲಯ 1964ರಿಂದಲೇ ಐಟೆಕ್ ಅನ್ನುವ ಯೋಜನೆಯಲ್ಲಿ ಆಫ್ರಿಕಾ, ಏಷ್ಯಾದ ಅಧಿಕಾರಿಗಳಿಗೆ, ವೃತ್ತಿಪರರಿಗೆ ತರಬೇತಿ ಕೊಡುತ್ತಿದೆ. ಬೆಂಗಳೂರಿನ ಇನ್ಫೋಸಿಸ್ ಕ್ಯಾಂಪಸ್ ಒಂದು ಕಾಲಕ್ಕೆ ಯಾತ್ರಾಸ್ಥಳವೇ ಆಗಿತ್ತು. 2002ರಲ್ಲಿ ಚೀನಾದ ಪ್ರಧಾನಿ ಝು ರೋಂಗ್‌ಜಿ ಕೂಡ ಬಂದಿದ್ದರು. ಬಂದವರೆಲ್ಲ ಒಂದು ಗಿಡ ನೆಟ್ಟು, ಹುಲ್ಲುಹಾಸು ನೋಡಿ, ಬ್ಯಾಟರಿ ಗಾಡಿ ಹತ್ತಿ ಹೋಗುತ್ತಿದ್ದರು. ಅವರ ಊರಲ್ಲೂ ಈಗ ಎಲ್ಲೋ ಒಂದು ಹುಲ್ಲುಹಾಸು ಇರಬಹುದು.

ಹೊರಡುವವರಿಗೆ ಏನು ಹೇಳಬೇಕು ಹಾಗಾದರೆ? ನಾನು ಕೇಳುವುದು ಒಂದೇ: ನಿಮ್ಮ ಕಾರ್ಖಾನೆಯಲ್ಲಿ ನಿಮಗೆ ನಿದ್ದೆ ಕೆಡಿಸಿರುವ ಒಂದು ತೊಂದರೆ ಯಾವುದು? ಒಂದೇ. ಪ್ರೆಸ್ಸಿನ ಡೈ (ಅಚ್ಚು) ಬದಲಾಯಿಸೋಕೆ ಎರಡೂವರೆ ಗಂಟೆ ಹಿಡಿಯುತ್ತೆ ಅನ್ನೋದಿರಬಹುದು, ಮೂರನೇ ಶಿಫ್ಟಿನಲ್ಲೇ ಯಾಕೆ ರಿಜೆಕ್ಷನ್ ಜಾಸ್ತಿ ಅನ್ನೋದಿರಬಹುದು. ಅದನ್ನು ಅಂಕಿ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆಗ ಆ ನಾಲ್ಕು ಪ್ರಶ್ನೆಗಳಲ್ಲಿ ನಿಮ್ಮದು ಒಂದಾದರೂ ಪ್ರಶ್ನೆಯ ಹಾಗಿರುತ್ತೆ. "ಇದನ್ನು ಹೇಗೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ವಿಡಿಯೊದಲ್ಲಿ ಇದ್ದ ಉತ್ತರವೇ ಬರುತ್ತೆ. "ಇದನ್ನು ಮಾಡೋಕೆ ಮುಂಚೆ ಏನೇನು ಪ್ರಯತ್ನ ಪಟ್ಟು ಕೆಟ್ಟಿತು" ಅಂತ ಕೇಳಿ. ದುಭಾಷಿ ಒಂದು ಕ್ಷಣ ತಡೆಯುತ್ತಾರೆ, ಎದುರಿನವರು ನಗುತ್ತಾರೆ, ಆಮೇಲೆ ನಿಜವಾದ ಮಾತು ಶುರುವಾಗುತ್ತೆ. ಫ್ಲೋರಿನಲ್ಲಿ ನಡೆಯುವಾಗ ಸೂಪರ್‌ವೈಸರ್ ಕೈಕೆಳಗೆ ಎಷ್ಟು ಜನ, ಅವನು ದಿನದಲ್ಲಿ ಎಷ್ಟು ಹೊತ್ತು ಕೂತಿರುತ್ತಾನೆ ಅಂತ ನೋಡಿ. ಬೋರ್ಡಿನ ಮೇಲಿನ ಚಾರ್ಟಿನಲ್ಲಿ ಇವತ್ತಿನ ಅಂಕಿ ಇದೆಯಾ, ಹೋದ ತಿಂಗಳದ್ದಾ ಅಂತಲೂ ನೋಡಿ.

ಇಬ್ಬರನ್ನು ಕಳಿಸೋಕೆ ಆದರೆ ಇಬ್ಬರನ್ನು ಕಳಿಸಿ, ಒಬ್ಬ ಮ್ಯಾನೇಜರ್, ಒಬ್ಬ ಲೈನಿನವನು. ಒಬ್ಬನೇ ಹೋಗಿ ಬಂದರೆ ಊರಿನಲ್ಲಿ ಅವನು ನೋಡಿದ್ದನ್ನು ಬೇರೆ ಯಾರೂ ನೋಡಿರೋದಿಲ್ಲ, ಆರು ತಿಂಗಳು "ಜಪಾನಲ್ಲಿ ಹಿಂಗಲ್ಲ" ಅಂತ ಹೇಳಿ ಹೇಳಿ ಎಲ್ಲರ ಬಾಯಲ್ಲಿ ತಮಾಷೆಯಾಗುತ್ತಾನೆ. ಬೋನಸ್ ಕೊಡೋಕಾಗಲಿಲ್ಲ, ಜಪಾನ್ ಟೂರ್ ಕೊಟ್ಟೆವು ಅನ್ನುವ ಲೆಕ್ಕದಲ್ಲಿ ಕಳಿಸುವ ಕಂಪನಿಗಳೂ ಇವೆ. ಅವರಿಗೆ ನಾನು ಹೇಳೋದು ಏನೂ ಇಲ್ಲ, ಫ್ಯೂಜಿ ಪರ್ವತ ಚೆನ್ನಾಗಿದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸಾರಿನ ಥರ ಕಾಣುವ ಮಿಸೊ ಸೂಪು, ನೂಡಲ್ಸಿನ ತಿಳಿ, ಎಲ್ಲದಕ್ಕೂ ಸಾಮಾನ್ಯವಾಗಿ ದಾಶಿ ಅನ್ನುವ ಮೀನಿನ ಕಷಾಯ ಬಿದ್ದಿರುತ್ತೆ. ಮೇಲೆ ತೇಲೋದು ಬರೀ ತೋಫು, ಸೊಪ್ಪು ಅಂತ ಮೋಸ ಹೋಗಬೇಡಿ. ಚಟ್ನಿಪುಡಿ ತಗೊಂಡು ಹೋಗಿ ಅಂತ ಮನೆಯವರು ಹೇಳಿದ್ದು ಸರಿಯೇ.

ಹೋದ ತಿಂಗಳು ಪೀಣ್ಯಕ್ಕೆ ಮತ್ತೆ ಹೋಗಿದ್ದೆ. ಮೂರನೇ ಪ್ರೆಸ್ಸಿನ ಮೇಲೆ ಒಂದು ಕೆಂಪು ಬಲ್ಬು ನೇತಾಡುತ್ತಿತ್ತು, ಪಕ್ಕದಲ್ಲಿ ಮನೆಗೆ ಹಾಕುವಂಥ ಸಾದಾ ಸ್ವಿಚ್ಚು. ಮ್ಯಾನೇಜರ್ ಸ್ವಲ್ಪ ನಾಚಿಕೊಂಡೇ ತೋರಿಸಿದರು. ಒಬ್ಬ ಅನುಭವಿ ಆಪರೇಟರನ್ನು ಮೆಷಿನ್ನಿನಿಂದ ಬಿಡಿಸಿ ಐದು ಪ್ರೆಸ್ಸಿಗೆ ಅವನೊಬ್ಬ ಅಂತ ಮಾಡಿದ್ದಾರೆ. ಬಲ್ಬು ಹತ್ತಿದರೆ ಅವನು ಬರಬೇಕು, ಅದೊಂದೇ ಅವನ ಕೆಲಸ. ಮೊದಲ ದಿನ ಹನ್ನೊಂದು ಸಲ ಹತ್ತಿತಂತೆ, ಮಾಲೀಕರು ಗಾಬರಿಯಾಗಿ ತೆಗೆದುಹಾಕಿ ಅಂದರಂತೆ.

"ತೆಗೀಬೇಡಿ ಸಾರ್ ಅಂದೆ" ಅಂತ ಮ್ಯಾನೇಜರ್ ಹೇಳಿದರು. "ಮೊದಲೂ ಹನ್ನೊಂದು ಸಲ ಕೆಡ್ತಾನೇ ಇತ್ತು. ಸೀದಾ ಡ್ರಮ್ಮಿಗೆ ಹೋಗ್ತಿತ್ತು, ನಮಗೆ ಕಾಣ್ತಿರಲಿಲ್ಲ ಅಷ್ಟೇ."

ಡ್ರಮ್ ಇನ್ನೂ ಹಳದಿ ಗೆರೆಯ ಮೇಲೇ ಇದೆ.